ನೀಲಿ ಬಣ್ಣ ಬಳಿದ ಕುರಿಗಳು

ಎಪ್ಪತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಚಿತ್ರದುರ್ಗದ ಒಂದು ಔಷಧ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದೆ. ಅಲ್ಲಿ ಕುರಿಗಳಿಗೆ ಜಂತುಹುಳದ ಗುಳಿಗೆ ತಯಾರಾಗುತ್ತಿತ್ತು. ಒಮ್ಮೆ ನುಂಗಿಸಿದರೆ ಅದು ಹೊಟ್ಟೆಯಲ್ಲೇ ಉಳಿದು ಮಳೆಗಾಲವಿಡೀ ಚೂರುಚೂರೇ ಔಷಧ ಬಿಡಬೇಕು. ಗುಳಿಗೆಯನ್ನು ಬೆಚ್ಚಗಿನ ದ್ರವದಲ್ಲಿ ಮುಳುಗಿಸಿಟ್ಟು, ಆಗಾಗ ಒಂದಿಷ್ಟು ದ್ರವ ತೆಗೆದು, ಎಷ್ಟು ಔಷಧ ಕರಗಿದೆ ಎಂದು ಪರೀಕ್ಷಿಸುವುದು ನನ್ನ ಕೆಲಸ. ಆ ಗುಳಿಗೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಮುಂದೆ ಅದನ್ನು ಕುರಿಗಳಿಗೇ ಕೊಟ್ಟು ನೋಡಬೇಕಿತ್ತು. ಜವನಗೊಂಡನಹಳ್ಳಿ ಹತ್ತಿರ ಕುರಿ ಸಾಕಿದ್ದ ಅಜ್ಜಿಯೊಬ್ಬಳು ಒಪ್ಪಿದಳು. ಅರ್ಧ ಕುರಿಗಳಿಗೆ ಔಷಧದ ಗುಳಿಗೆ ನುಂಗಿಸಿ ಬೆನ್ನಿಗೆ ಕೆಂಪು ಬಣ್ಣ ಬಳಿದೆವು. ಉಳಿದವಕ್ಕೆ ಬರೀ ಮೇಣದ ಗುಳಿಗೆ, ನೀಲಿ ಬಣ್ಣ. ಹೋಲಿಸಿ ನೋಡಲು ಅಂಥ ಗುಂಪು ಬೇಕೆಂಬುದು ನನಗೂ ಗೊತ್ತಿತ್ತು. ಅಜ್ಜಿಗೆ ಎಲ್ಲ ಹೇಳಿದ್ದೇನೆ ಎಂದಿದ್ದರು ನಮ್ಮ ಮುಖ್ಯಸ್ಥರು.

ಮಳೆ ಹಿಡಿದ ಮೇಲೆ ಹೋಗಿ ನೋಡಿದರೆ ನೀಲಿ ಕುರಿಗಳ ಗದ್ದದಡಿ ನೀರು ತುಂಬಿ ಜೋತುಬಿದ್ದಿತ್ತು. ರೆಪ್ಪೆ ಬಿಡಿಸಿದರೆ ಒಳಗೆಲ್ಲ ಸುಣ್ಣದಂತೆ ಬಿಳಿ. ಜಂತುಹುಳ ರಕ್ತ ಹೀರಿದ ಗುರುತು ಅದು.

"ನಿಮ್ ಗುಳಿಗೆ ನುಂಗಿದ್ರೂ ಹಿಂಗ್ಯಾಕಾಗ್ಯವೆ ತಾಯಿ? ಬ್ಯಾರೆ ಔಷ್ದಿ ಹಾಕ್ಬ್ಯಾಡ ಅಂದಿದ್ರು ನಿಮ್ ಸಾಹೇಬ್ರು. ಅದ್ಕೇ ಸುಮ್ನಿದೀನಿ" ಎಂದಳು ಅಜ್ಜಿ.

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ! ಹಿಂದಿರುಗಿ ಮುಖ್ಯಸ್ಥರನ್ನು ಕೇಳಿದೆ.

"ಕುರಿ ಕಾಯೋರಿಗೆ ಇದೆಲ್ಲ ಅರ್ಥ ಆಗುತ್ತೇನಮ್ಮ? ಇನ್ನೊಂದು ವಾರ ಬಿಡಿ. ನಾಲ್ಕು ಸತ್ತರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ" ಎಂದರು, ಕನ್ನಡಕ ಒರೆಸಿಕೊಳ್ಳುತ್ತ.

ಶ್ರೀರಾಂಪುರದ ಕಡೆಯ ಕುರಿ ಕಾಯುವವರ ಮನೆಯವಳೇ ನಾನು. ಅದನ್ನು ಅವರು ಯಾವತ್ತೂ ಕೇಳಿರಲಿಲ್ಲ.

ಮರುದಿನ ಪ್ರಯೋಗಾಲಯಕ್ಕೆ ಹೋಗಲಿಲ್ಲ. ಹಿರಿಯೂರಿನಲ್ಲಿ ಜಂತುಹುಳದ ಮಾಮೂಲಿ ಔಷಧ ಕೊಂಡು ಬಸ್ಸು ಹತ್ತಿದೆ. ಅಜ್ಜಿಗೆ ಎಲ್ಲವನ್ನೂ ಹೇಳಿದೆ.

"ಅಂದ್ರೆ ಬೇಕಂತ್ಲೇ ಬಿಟ್ರಾ?"

"ಹೂಂ, ಅಜ್ಜಿ."

ಅವಳು ಹತ್ತಿರದ ಕುರಿಯನ್ನು ಹಿಡಿದು ಕಾಲ ಸಂದಿಯಲ್ಲಿ ಒತ್ತಿಕೊಂಡು ಬಾಯಿ ಬಿಡಿಸಿ, "ಹುಯ್ಯಿ" ಎಂದಳು. ಒಂದೊಂದಾಗಿ ನೀಲಿ ಕುರಿಗಳಿಗೆಲ್ಲ ಕುಡಿಸಿದೆವು. ಎರಡು ಉಳಿಯಲಿಲ್ಲ, ಮಿಕ್ಕವು ನಿಧಾನವಾಗಿ ಚೇತರಿಸಿಕೊಂಡವು.

ವಾರ ಕಳೆದು ಮುಖ್ಯಸ್ಥರ ಜೀಪು ಬಂದಾಗ ಅಜ್ಜಿ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಳಂತೆ. "ಎಲ್ಲಕ್ಕೂ ಒಂದೇ ಗುಳಿಗೇನಾ ಅಂತ ಕೇಳಿದ್ನಲ್ಲ ಸಾಹೇಬ್ರೇ, ಹೂಂ ಅಂದ್ರಿ. ಈಗ ಗಾಡಿ ತಿರುಗಿಸ್ಕಳ್ರಿ" ಎಂದಳಂತೆ.

ನನ್ನನ್ನು ಕೆಲಸದಿಂದ ತೆಗೆದರು. ಕಾರಣ 'ಅಶಿಸ್ತು'. ಸುಳ್ಳು ಹೇಳಿದವರು ಶಿಸ್ತಿನವರು! ಕೆಂಪು ಬಣ್ಣದ ಕುರಿಗಳು ಕೊನೆಯವರೆಗೂ ಗಟ್ಟಿಮುಟ್ಟಾಗಿದ್ದವು. ಗುಳಿಗೆ ಚೆನ್ನಾಗಿಯೇ ಕೆಲಸ ಮಾಡಿತ್ತು, ಅದಕ್ಕೆ ಸುಳ್ಳಿನ ಆಸರೆ ಬೇಕಿರಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಕೆಲಸ ಹೋದ ಸುದ್ದಿ ಹೇಳಲು ಹೋದಾಗ ಅಜ್ಜಿ ಹೇಳಿದಳು: "ಔಷ್ದಿ ಹಾಕ್ದೆ ನೋಡಾಕೆ ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ, ಎಲ್ಡು ಕುರಿ ನಾನೇ ಹಿಡ್ಕೊಡ್ತಿದ್ನಲ್ಲ ತಾಯಿ."