ಚೆಕ್ಕಿನ ಬುಡದ ಒಂಬತ್ತು ಅಂಕಿ

ಬಲಗೈ ತೋರುಬೆರಳಿಗೆ ಕಾಗದ ಎಣಿಸುವ ಕೆಂಪು ರಬ್ಬರಿನ ಟೊಪ್ಪಿಗೆ ಹಾಕಿಕೊಂಡೇ ಅವರು ಚಹಾ ಕುಡಿಯುತ್ತಿದ್ದರು. ಹಾವೇರಿಯ ನಮ್ಮ ಬ್ಯಾಂಕಿನಲ್ಲಿ ಚೆಕ್ಕುಗಳನ್ನು ಊರುವಾರು ವಿಂಗಡಿಸಿ ಕಳಿಸುವ ಹಿರಿಯ ಗುಮಾಸ್ತರು. ಹೊಸದಾಗಿ ಕೆಲಸಕ್ಕೆ ಸೇರಿದ ನನ್ನನ್ನು ಅವರ ಕೈಕೆಳಗೆ ಹಾಕಿದರು. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ.

ಕಪಾಟಿನ ಬಾಗಿಲಿಗೆ ಅವರೇ ಬರೆದ ನಕಾಶೆ ಅಂಟಿಸಿತ್ತು. ಒಂದೊಂದು ಊರಿನ ಪಕ್ಕ ಅದರ ಅಂಕಿ. ಅವರ ಕುರ್ಚಿ ದಕ್ಷಿಣಕ್ಕೆ ಮುಖ ಮಾಡಿತ್ತಾದ್ದರಿಂದ ನಕಾಶೆಯಲ್ಲಿ ರಾಣೆಬೆನ್ನೂರು ಮೇಲೆ, ಹುಬ್ಬಳ್ಳಿ ಕೆಳಗೆ. ಮೊದಲೇ ದಿಕ್ಕು ತಿಳಿಯದ ನನಗೆ ತಲೆ ಗಿರ್ರೆನ್ನುತ್ತಿತ್ತು.

"ನಕಾಶೆ ಬಿಡು ತಂಗಿ. ಚೆಕ್ಕಿನ ಮುಖ ನೋಡಿ ಊರು ಹೇಳಬ್ಯಾಡ, ಕಾಲು ನೋಡು" ಎನ್ನುತ್ತಿದ್ದರು. ಕಾಲು ಎಂದರೆ ಬುಡದಲ್ಲಿ ಅಚ್ಚಾದ ಒಂಬತ್ತು ಅಂಕಿ: ಮೊದಲ ಮೂರು ಊರಿನವು, ನಡುವಿನವು ಬ್ಯಾಂಕಿನವು, ಕೊನೆಯವು ಶಾಖೆಯವು.

ನಾನೋ, ತಲೆಯಾಡಿಸಿ ಚೆಕ್ಕಿನ ಮುಖವನ್ನೇ ನೋಡಿದೆ. ಕರ್ಜಗಿಯ ಹೆಣ್ಣುಮಗಳೊಬ್ಬಳು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯವರು ಕೊಟ್ಟ ಚೆಕ್ಕು ತಂದಿದ್ದಳು. ಶನಿವಾರದೊಳಗೆ ಫೀ ಕಟ್ಟದಿದ್ದರೆ ಮಗಳ ನರ್ಸಿಂಗ್ ಸೀಟು ಹೋಗುತ್ತಿತ್ತು. ಚೆಕ್ಕಿನ ಮೇಲೆ ಒತ್ತಿದ ಅಂಗಡಿಯ ಶಿಕ್ಕಾದಲ್ಲಿ ಬ್ಯಾಡಗಿ ಎಂದಿತ್ತು. ಬ್ಯಾಡಗಿಯ ಲಕೋಟೆಗೆ ಹಾಕಿಬಿಟ್ಟೆ. ಅಂಗಡಿಯವರ ಖಾತೆ ಇದ್ದದ್ದು ರಾಣೆಬೆನ್ನೂರಿನಲ್ಲಿ. ಶುಕ್ರವಾರ ಅದು ಗೊತ್ತಾಯಿತು. ಕಾಕಾ ಬೆರಳಿನ ಟೊಪ್ಪಿಗೆ ಕಳಚಿಟ್ಟು, ರಜೆ ಬರೆದು, ಬ್ಯಾಡಗಿಗೆ ಹೋಗಿ ಚೆಕ್ಕು ಇಸಿದುಕೊಂಡರು. ಅಲ್ಲಿಂದ ರಾಣೆಬೆನ್ನೂರಿನ ಬಸ್ಸು ಹಿಡಿದು, ಬ್ಯಾಂಕು ಮುಚ್ಚುವುದರೊಳಗೆ ಪಾಸು ಮಾಡಿಸಿದರು. ಮ್ಯಾನೇಜರರ ಮುಂದೆ ನನ್ನ ಹೆಸರು ಎತ್ತಲಿಲ್ಲ. ಮರುದಿನ ನಾನು ಅಳುತ್ತ ನಿಂತರೆ, "ಚೆಕ್ಕು ತನ್ನ ಮನಿ ಮುಟ್ಟಿತಲ್ಲ, ಬಿಡು" ಎಂದು ಚೆಕ್ಕುಗಳ ಹೊಸ ಕಟ್ಟು ಮುಂದಿಟ್ಟರು.

ಆಮೇಲೆ ಸ್ಕ್ಯಾನರ್ ಬಂತು. ಚೆಕ್ಕಿನ ಚಿತ್ರ ಹೋಗುತ್ತದೆ, ಕಾಗದ ಇಲ್ಲೇ ಉಳಿಯುತ್ತದೆ ಎಂದಾಗ ಕಾಕಾ ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದರು. "ಹಂಗಾದ್ರ ಹೋಗೂದು ಯಾವುದು, ಇರೂದು ಯಾವುದು?" ಎಂದು ಕೇಳಿದರು. ಅದೇ ವರ್ಷ ನಿವೃತ್ತರಾದರು.

ಕಳೆದ ವರ್ಷ ಅವರು ತೀರಿಕೊಂಡರೆಂದು ಫೋನು ಬಂತು, ಮಧ್ಯಾಹ್ನ ಮಣ್ಣು ಮಾಡುತ್ತಾರಂತೆ. ಕೆಲಸದಲ್ಲಿದ್ದಾಗ ದಿನಾ ಸಂಜೆ ಅವರು ಬ್ಯಾಡಗಿ ಬಸ್ಸು ಹತ್ತುವುದನ್ನು ಕಂಡಿದ್ದವಳು ನಾನು. ಯಾರನ್ನೂ ಕೇಳದೆ ಬ್ಯಾಡಗಿಗೆ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಾಗ ತೋರಿಸಿದ ಮನೆಗೆ ಬೀಗ.

"ಇದು ಅವರ ಅಕ್ಕನ ಮನಿರಿ," ಎಂದಳು ಪಕ್ಕದ ಮನೆಯಾಕೆ. "ದಿನಾ ಮಾತಾಡಿಸಿ ಮುಂದಿನ ಬಸ್ಸಿಗೆ ಹೋಗತಿದ್ರು. ಅವರ ಮನಿ ರಾಣೆಬೆನ್ನೂರಾಗ ಐತಿ."

ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ತಪ್ಪಿಗಾಗಿ ಇದೇ ದಾರಿಯಲ್ಲಿ ಅವರು ಹೊತ್ತಿಗೆ ಸರಿಯಾಗಿ ಮುಟ್ಟಿದ್ದರು. ಅಷ್ಟು ವರ್ಷ ಪಕ್ಕದಲ್ಲಿ ಕೂತು, ಅವರ ಊರು ಯಾವುದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.