ಬೀಗರು ಮಲಗಿದ ಸಿನಿಮಾ

ಬೀಗ ರಿಪೇರಿ ಮಾಡುವವರಾದ್ದರಿಂದ ಬೀದಿಯವರೆಲ್ಲ ಅವರನ್ನು ಬೀಗರು ಎಂದೇ ಕರೆಯುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ, ಯಾರ ಮನೆಗೂ ಹೆಣ್ಣು ಕೊಟ್ಟಿದ್ದಿಲ್ಲ, ಯಾರ ಮನೆಯಿಂದಲೂ ತಂದಿದ್ದಿಲ್ಲ. ಆದರೂ ಅರವತ್ತೆಂಟನೇ ವಯಸ್ಸಿಗೆ ಇಡೀ ಬೀದಿಗೇ ಬೀಗರಾಗಿ ಕೂತಿದ್ದರು. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಒಂದು ಬಾಗಿಲಗಲದ ಜಾಗ. ಗೋಡೆ ತುಂಬ ನೇತುಹಾಕಿದ ಕೀಲಿಕೈಗಳು, ಒಂದು ಇಕ್ಕಳ, ನಾಲ್ಕು ಅರ, ಒಂದು ಸ್ಟೂಲು. ಬೀಗವನ್ನು ಕಿವಿಗೆ ಹಿಡಿದು ಕೀಲಿ ತಿರುಗಿಸಿ, "ಒಳಗೆ ಸ್ಪ್ರಿಂಗ್ ಸತ್ತಿದೆ" ಎಂದರೆ ಅದು ಸತ್ತೇ ಇರುತ್ತಿತ್ತು.

ಅವರಿಗೆ ಒಲಿದಿದ್ದ ಇನ್ನೊಂದು ವಿದ್ಯೆ ನಿದ್ದೆ. ಊಟ ಮುಗಿಸಿ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದರೆ ಒಂದು ಗಂಟೆ ಈ ಲೋಕದಲ್ಲಿ ಇರುತ್ತಿರಲಿಲ್ಲ. ಅಂಗಡಿಯ ಮುಂದೆಯೇ ಯಂತ್ರ ತಂದು ರಸ್ತೆ ಅಗೆದ ದಿನವೂ ಮಲಗಿದ್ದು, ಎದ್ದ ಮೇಲೆ "ಈ ಗುಂಡಿ ಯಾವಾಗ ಆಯ್ತು?" ಎಂದು ಕೇಳಿದ್ದರು.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಮ್ಮೋರಿಗೆ ಚಿಂತೆ ಇದ್ರೂ ಬರುತ್ತೆ" ಎನ್ನುತ್ತಿದ್ದರು ಅವರ ಹೆಂಡತಿ. ಆಕೆಯನ್ನು ಬೀದಿಯವರು, ನ್ಯಾಯವಾಗಿಯೇ, ಬೀಗಿತ್ತಿ ಎಂದು ಕರೆಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹಿಂದಿನ ಬೀದಿಯ ಮಹಡಿ ಮನೆಗೆ ಸಿನಿಮಾದವರು ಬಂದರು. ಕ್ರಿಸ್‌ಮಸ್ ದಿನ ನಡೆಯುವ ತಮಾಷೆಯ ಕಥೆ. ಕಿಟಕಿಗಳಿಗೆ ಹತ್ತಿ ಅಂಟಿಸಿ ಹಿಮ ಮಾಡಿದ್ದರು. ಉಣ್ಣೆ ಸ್ವೆಟರ್ ತೊಟ್ಟ ನಟರು ಫ್ಯಾನಿನ ಮುಂದೆ ಸಾಲಾಗಿ ನಿಂತಿದ್ದರು. ಮೂರನೇ ದಿನ ತಾಯಿಯ ಪಾತ್ರದಾಕೆ ಬಟ್ಟೆ ಬದಲಿಸಲು ಹೋದ ಕೋಣೆಯ ಬೀಗ ಕಚ್ಚಿಕೊಂಡಿತು. ಬೀಗರಿಗೆ ಕರೆ ಬಂತು. ನಾಲ್ಕು ನಿಮಿಷದಲ್ಲಿ ಬಾಗಿಲು ತೆರೆದು, ಕೈ ಒರೆಸಿಕೊಳ್ಳುತ್ತಿರುವಾಗ ನಿರ್ದೇಶಕ ಅವರನ್ನು ಮೇಲಿಂದ ಕೆಳಗೆ ನೋಡಿದ. ಅಜ್ಜನ ಪಾತ್ರಕ್ಕೆ ಗೊತ್ತು ಮಾಡಿದ್ದ ನಟ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಮನೆಯಲ್ಲಿದ್ದ.

"ಯಜಮಾನ್ರೇ, ಆ ಕುರ್ಚೀಲಿ ಸ್ವಲ್ಪ ಕೂತ್ಕೋತೀರಾ?"

"ಕೂತು ಏನು ಮಾಡ್ಬೇಕು?"

"ಏನೂ ಮಾಡ್ಬಾರದು."

"ಅದು ಬರುತ್ತೆ" ಎಂದರು ಬೀಗರು.

ತಲೆಗೆ ಕಾಗದದ ಕಿರೀಟ ಇಟ್ಟರು. ಮೆತ್ತನೆಯ ಕುರ್ಚಿ, ಊಟದ ನಂತರದ ಹೊತ್ತು. ಕ್ಯಾಮೆರಾ ಓಡುವ ಮೊದಲೇ ಬೀಗರು ನಿದ್ದೆಗೆ ಹೋಗಿಬಿಟ್ಟಿದ್ದರು. ಅಣ್ಣತಮ್ಮಂದಿರು ಮೇಜು ಗುದ್ದಿ ಜಗಳವಾಡಿದರು, ದೀಪ ಕಟ್ಟಿದ ಮರ ಬೆಕ್ಕಿನ ಸಮೇತ ಉರುಳಿತು, ಸೊಸೆ ಹದಿನಾಲ್ಕು ತಟ್ಟೆಗಳನ್ನು ಒಟ್ಟಿಗೆ ಕೈಬಿಟ್ಟಳು. ಬೀಗರು ಒಮ್ಮೆ ಬಾಯಿ ಚಪ್ಪರಿಸಿದರು, ಅಷ್ಟೆ. ಆಮೇಲೆ ನಾಲ್ಕು ದಿನ ಊಟ ಕೊಟ್ಟು ಅದೇ ಕುರ್ಚಿಯಲ್ಲಿ ಕೂರಿಸಿದರು. ಮನೆಯಲ್ಲಿ ಕೇಳಿದಾಗ ಬೀಗರು, "ಕುರ್ಚಿ ಚೆನ್ನಾಗಿದೆ" ಎಂದರು.

ಡಿಸೆಂಬರಿನಲ್ಲಿ ಸಿನಿಮಾ ಬಂತು. ಕಥೆ ಹಳೆಯದು, ಹಾಸ್ಯ ಅದಕ್ಕಿಂತ ಹಳೆಯದು ಎಂದು ಪತ್ರಿಕೆಗಳು ಬರೆದವು. ಮೊದಲ ಮೂರು ದಿನ ಖಾಲಿ ಕುರ್ಚಿಗಳೇ ನೋಡಿದವು. ನಾಲ್ಕನೆಯ ದಿನ ರಜೆ, ಮಕ್ಕಳು ಬಂದವು. ತಟ್ಟೆಗಳು ಬೀಳುವ ಹೊತ್ತಿಗೆ ಒಂದು ಮಗು, "ಶ್, ಅಜ್ಜ ಎದ್ಬಿಡ್ತಾರೆ" ಎಂದಿತು. ಅಲ್ಲಿಂದ ಶುರು. ವಾರ ಕಳೆಯುವಷ್ಟರಲ್ಲಿ, ಪರದೆಯ ಮೇಲೆ ಯಾರಾದರೂ ದನಿ ಎತ್ತಿದರೆ ಇಡೀ ಥಿಯೇಟರ್ ಒಟ್ಟಿಗೆ "ಶ್" ಎನ್ನತೊಡಗಿತು. ಅಜ್ಜ ಬಾಯಿ ಚಪ್ಪರಿಸಿದಾಗ ಚಪ್ಪಾಳೆ ಬಿತ್ತು. ಕಥೆ ಹಳೆಯದು ಎಂದಿದ್ದ ಪತ್ರಿಕೆಗಳಲ್ಲೊಂದು ಮತ್ತೆ ಬರೆದು, ಚಿತ್ರದಲ್ಲಿ ನಟಿಸಿದವರು ಒಬ್ಬರೇ, ಅವರೂ ಅತಿ ಮಾಡಿಲ್ಲ ಎಂದಿತು.

ಬೀಗರನ್ನು ಹುಡುಕಿಕೊಂಡು ಜನ ಅಂಗಡಿಗೆ ಬರತೊಡಗಿದರು. ಬಂದವರಿಗೆಲ್ಲ ನಿರಾಸೆ, ಏಕೆಂದರೆ ಬೀಗರು ಎಚ್ಚರವಿರುತ್ತಿದ್ದರು. ಒಬ್ಬಾಕೆ ಎತ್ತಿಕೊಂಡು ಬಂದಿದ್ದ ಮಗು ಅವರ ತೆರೆದ ಕಣ್ಣು ನೋಡಿ ಅತ್ತೇಬಿಟ್ಟಿತು. ತಿಳಿದವರು ಹೊತ್ತು ನೋಡಿಕೊಂಡು ಊಟದ ನಂತರ ಬಂದರು. ಹತ್ತಾರು ಜನ ಉಸಿರು ಬಿಗಿಹಿಡಿದು ಎದುರಿಗೆ ನಿಂತರೆ ಯಾರಿಗೆ ತಾನೆ ನಿದ್ದೆ ಬಂದೀತು? ಐವತ್ತು ವರ್ಷದಲ್ಲಿ ಮೊದಲ ಸಲ ಬೀಗರು ಮಧ್ಯಾಹ್ನಗಳನ್ನು ಕಂಡರು. ಬಹಳ ಉದ್ದವಾಗಿದ್ದವು.

ಅಷ್ಟರಲ್ಲಿ ನಿರ್ದೇಶಕ ಎರಡನೇ ಭಾಗ ತೆಗೆಯಲು ಹೊರಟ. ಅದೇ ಕುರ್ಚಿ, ಅದೇ ಕಿರೀಟ. ಬೀಗರು ಕಣ್ಣು ಮುಚ್ಚಿದರು. ಹನ್ನೊಂದು ಸಲ ಮುಚ್ಚಿದರು.

"ಯಜಮಾನ್ರೇ, ನೀವು ನಟನೆ ಮಾಡ್ತಿದೀರಿ" ಎಂದ ನಿರ್ದೇಶಕ, ನೊಂದುಕೊಂಡು.

"ಹೌದಪ್ಪ. ಇನ್ನೇನು ಮಾಡ್ಲಿ? ನಿದ್ದೆ ಬರ್ತಿಲ್ಲ."

ಮರ್ಯಾದೆಯಿಂದಲೇ ಮನೆಗೆ ಕಳಿಸಿದರು. ಹಲ್ಲುನೋವು ವಾಸಿಯಾಗಿದ್ದ ನಟನಿಗೆ ಕರೆ ಹೋಯಿತು. ಆ ವಾರ ಬೀಗರು ಒಂದು ಸುಲಭದ ಕೀಲಿಯನ್ನು ಎರಡು ಸಲ ಅರದಿಂದ ತಪ್ಪಾಗಿ ಉಜ್ಜಿದರು. ಬೀಗಿತ್ತಿ ಅದನ್ನು ಗಮನಿಸಿ, "ಏಳಿ, ಆ ಸಿನಿಮಾ ಏನು ಅಂತ ಒಂದ್ಸಲ ನೋಡ್ಕೊಂಡು ಬರೋಣ. ಊರೆಲ್ಲ ನೋಡಿದೆ, ನೀವೇ ನೋಡಿಲ್ಲ" ಎಂದರು.

ಮಧ್ಯಾಹ್ನದ ಆಟ. ಸಿನಿಮಾ ಎತ್ತಂಗಡಿಯಾಗುವ ವಾರವಾದ್ದರಿಂದ ಜನ ಅರ್ಧವಿದ್ದರು. ಪರದೆಯ ಮೂಲೆಯಲ್ಲಿ ಕಿರೀಟ ವಾಲಿಸಿಕೊಂಡು, ಬಾಯಿ ತುಸು ತೆರೆದು ಮಲಗಿದ್ದ ಮುದುಕನನ್ನು ಬೀಗರು ಬಹಳ ಹೊತ್ತು ನೋಡಿದರು.

"ಅದು ಥೇಟ್ ನಮ್ಮಪ್ಪ ಕಣೇ" ಎಂದರು ಮೆಲ್ಲಗೆ.

"ನಂಗೆ ಹತ್ತು ವರ್ಷದಿಂದ ಗೊತ್ತು" ಎಂದರು ಬೀಗಿತ್ತಿ. "ನಿಮಗೆ ಯಾರು ಹೇಳ್ಬೇಕು? ನೀವು ಮಲಗಿರ್ತೀರಲ್ಲ."

ಬೀಗರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಪರದೆಯ ಮೇಲೆ ತಮ್ಮನಾದವನು ಅಣ್ಣನ ಕೋಣೆಯ ಬೀಗವನ್ನು ಹೇರ್‌ಪಿನ್ನಿನಿಂದ ತೆರೆದ. ಬೀಗರಿಗೆ ತಡೆಯಲಾಗಲಿಲ್ಲ. "ಆ ಬೀಗ ಹಾಗೆಲ್ಲ ತೆಗೆಯೋಕೆ ಬರಲ್ಲ" ಎಂದರು, ಗಟ್ಟಿಯಾಗಿ.

ಹಿಂದಿನ ಸಾಲಿನವನು ಬಗ್ಗಿ ನೋಡಿ ಗುರುತು ಹಿಡಿದ. "ಅಜ್ಜಾ, ನೀವು ಸುಮ್ನೆ ಮಲಗಿ" ಎಂದ. ಥಿಯೇಟರ್ ನಕ್ಕಿತು. ಬೀಗಿತ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೀಗರು ಮಲಗಲಿಲ್ಲ, ಎದ್ದು ಕೂತು ಕೊನೆಯವರೆಗೂ ನೋಡಿದರು.

ಮನೆಗೆ ನಡೆದು ಬರುವಾಗ ಬೀಗಿತ್ತಿ ಕೇಳಿದರು, "ಅಲ್ಲಾ, ಆ ಅಣ್ಣತಮ್ಮ ಯಾಕೆ ಮಾತು ಬಿಟ್ಟಿದ್ದು?"

"ನೀನು ನೋಡ್ಲಿಲ್ವಾ?"

"ನಾನು ಕುರ್ಚಿ ನೋಡ್ತಿದ್ದೆ. ಎಲ್ಲರೂ ಅದನ್ನೇ ನೋಡ್ತಿದ್ರು."

ಊರಿನಲ್ಲಿ ಆ ಕಥೆ ಪೂರ್ತಿ ಗೊತ್ತಿರುವವರು ಬಹುಶಃ ತಾವೊಬ್ಬರೇ ಎಂದು ಬೀಗರಿಗೆ ಆಗ ಹೊಳೆಯಿತು. ಅವರು ನಡಿಗೆ ನಿಧಾನ ಮಾಡಿದರು.

"ಒಂದು ಏಣಿ ವಿಷ್ಯಕ್ಕೆ" ಎಂದರು. "ಅಣ್ಣ ತಮ್ಮನ ಹತ್ರ ಇದೆ ಅಂದ್ಕೊಂಡಿದ್ದ, ತಮ್ಮ ಅಣ್ಣನ ಹತ್ರ ಇದೆ ಅಂತ."

"ಯಾರ ಹತ್ರ ಇತ್ತು?"

"ಪಕ್ಕದ ಮನೆಯವರ ಹತ್ರ. ಅಣ್ಣತಮ್ಮಂದಿರ ಅಮ್ಮನೇ ಕೊಟ್ಟು ಮರೆತಿದ್ಲು."

"ಅಯ್ಯೋ ಪಾಪ" ಎಂದರು ಬೀಗಿತ್ತಿ. "ಆಮೇಲೆ?"

ಬೀಗರು ಆಮೇಲಿನದ್ದನ್ನು ಹೇಳತೊಡಗಿದರು.