ಶೋಪಾನನ ಹಾಡಿಗೆ ಹೆಣ್ಣು ಕಳಿಸುವ ಹೊಳಬಸಪ್ಪ

ಸವಣೂರಿನ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಳಬಸಪ್ಪನವರು ಮನೆಯ ಕಟ್ಟೆಯ ಮೇಲೆ ಕೂತು ಕ್ಲಾರಿಯೋನೆಟ್ಟಿನ ಸಂದಿಗೆ ದಾರ ಸುತ್ತುತ್ತಿದ್ದಾರೆ. ದಾರದ ಮೇಲೆ ಮೇಣ ತೀಡಬೇಕು, ಇಲ್ಲದಿದ್ದರೆ ಉಸಿರು ಸೋರಿ ಸ್ವರ ಹಾಳಾಗುತ್ತದೆ. ಕೈಗೆ ಪಳಗಿದ ಕೆಲಸ. ಆದರೂ ಇವತ್ತು ದಾರ ಮತ್ತೆ ಮತ್ತೆ ಬಿಚ್ಚಿಹೋಗುತ್ತಿದೆ. ಅವರ ಕಿವಿಯೆಲ್ಲ ಒಳಕೋಣೆಯ ಕಡೆಗಿದೆ. ಚೊಚ್ಚಲ ಹೆರಿಗೆಗೆಂದು ಮಾಸೂರಿನಿಂದ ಬಂದ ಮಗಳು ಶೇಖವ್ವ ಅಲ್ಲಿ ಮಲಗಿದ್ದಾಳೆ. ಅವಳಿಗೆ ದಿನ ತುಂಬಿವೆ. ಅವಳು ಮಗ್ಗುಲು ಬದಲಿಸಿದರೂ ಅಪ್ಪನ ಕೈ ನಿಲ್ಲುತ್ತದೆ.

"ನೀವು ನಿಮ್ಮ ಕೆಲಸಕ್ಕ ನಡೀರಿ. ಹಡಿಯಾಕಿ ಆಕಿ, ನೀವಲ್ಲ" ಎನ್ನುತ್ತಾರೆ ಹೆಂಡತಿ ಯಂಕವ್ವ, ಬಾಗಿಲಿಗೆ ನೀರು ಹಾಕುತ್ತಾ. ಗಂಡನ ತಲೆಯನ್ನು ಯಾವ ಹುಳ ಕೊರೆಯುತ್ತಿದೆ ಎಂಬುದು ಪಾಪ ಆಕೆಗೆ ಗೊತ್ತಿಲ್ಲ. ಅದು ಗೊತ್ತಿರುವುದು ಅವರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವ ಮಜೀದನಿಗೆ ಮಾತ್ರ.

ಇವತ್ತು ಹತ್ತಿಮತ್ತೂರಿನ ಕುಬೇರಪ್ಪನವರ ಮಗಳು ಸರೋಜವ್ವನ ಮದುವೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಅನುಕೂಲಸ್ಥರು ಲಗ್ನದ ದಿನ ಗೊತ್ತು ಮಾಡುವ ಮುಂಚೆ ಹೊಳಬಸಪ್ಪನವರ ಬಿಡುವು ಕೇಳುತ್ತಾರೆ. ವರ ಯಾರಾದರೂ ಆಗಲಿ, ಬ್ಯಾಂಡು ಮಾತ್ರ ಇವರದೇ ಆಗಬೇಕು. ಹೆಣ್ಣೊಪ್ಪಿಸುವ ಹೊತ್ತಿಗೆ ಇವರು ಬಾರಿಸುವ ಒಂದು ಹಾಡಿಗಾಗಿ ಇಷ್ಟೆಲ್ಲ. ಅದನ್ನು ಹಳ್ಳಿಯವರು 'ಕಳಸೂ ಹಾಡು' ಎನ್ನುತ್ತಾರೆ. ಅದನ್ನು ಕಟ್ಟಿದವನು ಶೋಪಾನ್, ಪೋಲೆಂಡ್ ದೇಶದವನು, ನೂರು ವರ್ಷಕ್ಕೂ ಹಿಂದೆ ತೀರಿಕೊಂಡವನು ಎಂದರೆ ನಂಬುವವರು ಕಡಿಮೆ.

ಹೊಳಬಸಪ್ಪನವರು ಇದನ್ನು ಕಲಿತದ್ದು ಸವಣೂರು ಸಂಸ್ಥಾನದ ಬ್ಯಾಂಡಿನಲ್ಲಿ. ಕಲಿಸಿದವರು ಗೋವೆಯ ಪೆದ್ರು ಮಾಸ್ತರರು. ಕಾಲಕ್ಕೆ ತಕ್ಕಂತೆ ಸಾಲಾಗಿ ಕಲಿಯಬೇಕು ಎಂಬುದು ಆ ಮಾಸ್ತರರ ಹಟ. ಮೊದಲು ಬಾಖ್ ಮತ್ತು ಹೆಂಡಲ್, ಬರೋಕ್ ಎಂಬ ಹಳೆಯ ಕಾಲದ ಸಂಗೀತಗಾರರು. ಅವರು ಕೈಗೆ ಹತ್ತಿದ ಮೇಲೆ ಹೈಡನ್, ಮೊಜಾರ್ಟ್. ಆಮೇಲೆ ಬೇಥೋವನ್. ಕೊನೆಗೆ ಭಾವನೆಯೇ ದೊಡ್ಡದೆಂದ ರೊಮ್ಯಾಂಟಿಕ್ ಕಾಲದ ಶೋಪಾನ್. ನಡುವೆ ಯಾರನ್ನಾದರೂ ಹಾರಿಸಿದರೆ ಬೆರಳಿನ ಮೇಲೆ ಬೆತ್ತ ಬೀಳುತ್ತಿತ್ತು.

"ಬಾಖಜ್ಜಂದು ನಾಕ್ ಮಂದಿ ಕೂಡೇ ಮಾತಾಡಿದಂಗ ಇರ್ತೈತ್ರಿ, ಆದ್ರ ಒಬ್ಬರ ಮಾತು ಒಬ್ಬರು ಮುರಿಯಂಗಿಲ್ಲ" ಎಂದು ಅವರು ಬೀಗರ ಮನೆತನದ ಸುದ್ದಿ ಹೇಳುವ ಹಾಗೆ ಹೇಳುತ್ತಾರೆ. "ಹೆಂಡಲ್ ಅಂದ್ರ ಬಲೇ ದಿಮಾಕು. ವರ ಊರಬಾಗಲಕ್ಕ ಬಂದಾಗ ಅವನ್ನ ಬಾರಸ್ತೇನಿ. ಮೊಜಾರ್ಟ್ ಊಟದ ಪಂಕ್ತಿಗೆ. ಬೇಥೋವನ್ನನ ಮಾತ್ರ ಮದಿವಿಗೆ ಕರಕೊಂಡು ಬರಂಗಿಲ್ಲ. ಅಂವಾ ಸಿಟ್ಟಿನ ಮನಿಶ್ಯಾ, ಬೀಗರಿಗೆ ಜಗಳ ಹಚ್ಚಿಬಿಡ್ತಾನ."

ಶೋಪಾನನ ಆ ಹಾಡನ್ನು ಮಾಸ್ತರರು 'ನಿಧಾನದ ಮಾರ್ಚು' ಎಂದಷ್ಟೇ ಹೇಳಿ ಕಲಿಸಿದ್ದರು. ಯಾವಾಗ ಬಾರಿಸಬೇಕು ಎಂದು ಹೇಳುವ ಪ್ರಸಂಗ ಬರುವುದರೊಳಗೆ ಮಾಸ್ತರರು ಗೋವೆಗೆ ಮರಳಿದರು, ಸಂಸ್ಥಾನವೂ ಹೋಯಿತು, ಬ್ಯಾಂಡೂ ಚದುರಿತು. ಹೊಟ್ಟೆಪಾಡಿಗೆ ಮದುವೆಗಳಿಗೆ ಇಳಿದ ಹೊಳಬಸಪ್ಪನವರು ತಮಗೆ ತಿಳಿದಂತೆ ಲೆಕ್ಕ ಹಾಕಿದರು. ಹೆಜ್ಜೆ ಭಾರವಾಗಿದೆ, ನಡುವೆ ಎದೆ ಕರಗಿಸುವ ಒಂದು ಭಾಗ ಬರುತ್ತದೆ. ತವರು ಬಿಟ್ಟು ಹೋಗುವ ಹುಡುಗಿಗೆ ಇದಕ್ಕಿಂತ ಒಪ್ಪುವ ಹಾಡು ಯಾವುದು? ಮೊದಲ ಮದುವೆಯಲ್ಲೇ ಗಂಡಸರೂ ಕಣ್ಣೊರೆಸಿಕೊಳ್ಳಲು ಸೆರಗಿಲ್ಲದೆ ಪರದಾಡಿದರಂತೆ.

ಹೋದ ವರ್ಷ ಹಿರೇಬೆಂಡಿಗೇರಿಯ ಮದುವೆಯಲ್ಲಿ ಬರಸಿಡಿಲು ಬಿತ್ತು. ಪಲ್ಟನ್ನಿನ ಪಿಂಚಣಿದಾರ ಲಕ್ಕಪ್ಪ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಹೊಳಬಸಣ್ಣಾ, ಇದನ್ನ ನಮ್ಮಲ್ಲಿ ಹೆಣದ ಮುಂದ ಬಾರಿಸ್ತಾರ. ಬಂದೂಕ ತಲಿಕೆಳಗ ಹಿಡದು ಇದಕ್ಕ ಹೆಜ್ಜಿ ಹಾಕೇನಿ ನಾನು. ನೀ ಇದಕ್ಕ ಹುಡಿಗ್ಯಾರನ್ನ ಕಳಸಾಕತ್ತೀಯಲ್ಲಪಾ."

ಅವತ್ತಿನಿಂದ ಹೊಳಬಸಪ್ಪನವರಿಗೆ ಅನ್ನ ಇಳಿಯುತ್ತಿಲ್ಲ. ತುಟಿ ಒಡೆದಿದೆ ಎಂದು ನೆವ ಹೇಳಿ ಎಷ್ಟೋ ಮದುವೆ ಬಿಟ್ಟರು. ಸಂತೆಗೆ ಹೋದರೆ ಕಾಯಿಪಲ್ಲೆ ಮರೆತು, ಕಂಡಕಂಡವರನ್ನು ನಿಲ್ಲಿಸಿ ತಾವು ಕಳಿಸಿದ ಹೆಣ್ಣುಮಕ್ಕಳ ಕ್ಷೇಮ ಕೇಳುತ್ತಾರೆ. ನಿಮ್ಮೂರಿನ ಸೊಸೆ ಹೇಗಿದ್ದಾಳೆ, ಹಡೆದಳೇ, ಕೂಸು ಗಟ್ಟಿಯಿದೆಯೇ? ಎಲ್ಲರೂ ಚೆನ್ನಾಗಿದ್ದಾರೆ ಎಂದೇ ಹೇಳುತ್ತಿದ್ದರು. ಒಂದು ದಿನ ಮಾತ್ರ ಇದೇ ಹಾಡಿಗೆ ಹಿರೇಕೆರೂರಿಗೆ ಕಳಿಸಿದ್ದ ಸಿದ್ದವ್ವ ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಯಾರ ತಪ್ಪೂ ಇಲ್ಲದ ಸಾವು, ಊರಿಗೊಂದು ಆಗುವಂಥದ್ದು. ಹೊಳಬಸಪ್ಪನವರು ಅದನ್ನು ತಮ್ಮ ತಲೆಗೇ ಕಟ್ಟಿಕೊಂಡರು. ಯಾಕೆಂದರೆ ಶೇಖವ್ವನನ್ನು ಮಾಸೂರಿಗೆ ಕಳಿಸಿದಾಗಲೂ ಅವರು ಅದನ್ನೇ, ಉಳಿದೆಲ್ಲ ಮದುವೆಗಳಿಗಿಂತ ಚಂದವಾಗಿ ಬಾರಿಸಿದ್ದರು.

ಕುಬೇರಪ್ಪನವರು ತಾವೇ ಎಲೆ ಅಡಿಕೆ ಹಿಡಿದು ಬಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಳಿಸುವಾಗ ಬಾಖನ ಒಂದು ಮೆಲುವಾದ ಹಾಡು ಬಾರಿಸಿ ತಪ್ಪಿಸಿಕೊಂಡರಾಯಿತು ಎಂದು ಮಜೀದನ ಹತ್ತಿರ ಮಾತಾಡಿಕೊಂಡು ಚಕ್ಕಡಿ ಹತ್ತುತ್ತಾರೆ.

ಹತ್ತಿಮತ್ತೂರಿನಲ್ಲಿ ಅಕ್ಷತೆ, ಊಟ ಎಲ್ಲ ಸುಸೂತ್ರವಾಗಿ ಮುಗಿಯುತ್ತದೆ. ಸಂಜೆಯ ಬಿಸಿಲಿಗೆ ಕಮಾನಿನ ಚಕ್ಕಡಿ ಬಾಗಿಲಿಗೆ ಬರುತ್ತದೆ. ಸರೋಜವ್ವನ ಉಡಿ ತುಂಬುತ್ತಾರೆ. ಹೊಳಬಸಪ್ಪನವರು ಬಾಖನನ್ನು ಎತ್ತಿಕೊಳ್ಳುತ್ತಾರೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕುಬೇರಪ್ಪನವರ ತಾಯಿ ತಿಪ್ಪವ್ವ, ಊರಿಗೇ ಹಿರಿಯರು, ಹೊಸ್ತಿಲ ಮೇಲೆ ಕೂತುಬಿಡುತ್ತಾರೆ.

"ಇದಲ್ಲ. ಆ ಹಾಡು ಆಗೂತನಕ ಕೂಸು ಮನಿ ದಾಟಂಗಿಲ್ಲ."

ಬೀಗರು ಹೊತ್ತಾಯಿತು ಎಂದು ಗೊಣಗುತ್ತಾರೆ. ಹೊಳಬಸಪ್ಪನವರ ಅಂಗಿ ಬೆವರಿಗೆ ಬೆನ್ನಿಗಂಟಿದೆ. ಬಾರಿಸಿದರೆ ಪಾಪ, ಬಿಟ್ಟರೆ ಅಪಮಾನ. ಕೊನೆಗೆ ಮುದುಕಿಯ ಬಳಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಎಲ್ಲವನ್ನೂ ಹೇಳಿಬಿಡುತ್ತಾರೆ. "ಯವ್ವಾ, ಅದು ಹೆಣದ ಮುಂದ ಬಾರಿಸೂ ಹಾಡಂತ್ರಿ. ನಂಗ ಗೊತ್ತಿದ್ದಿಲ್ಲ. ನನ್ನ ಮಗಳಿಗೂ ಬಾರಿಸಿಬಿಟ್ಟೇನಿ. ಆಕಿ ಈಗ ದಿನ ತುಂಬಿ ಕುಂತಾಳ."

ತಿಪ್ಪವ್ವ ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸುತ್ತಾರೆ. ಮುದುಕಿ ಎಲೆ ಅಗಿಯುವುದನ್ನು ನಿಲ್ಲಿಸುತ್ತಾರೆ.

"ಪಲ್ಟನ್ನಿನವರು ಅವರಿಗೆ ಬೇಕಾದ್ದಕ್ಕ ಬಾರಿಸ್ಕೊಳ್ಳಿ" ಎನ್ನುತ್ತಾರೆ ಆಮೇಲೆ. "ನಮ್ಮನ್ಯಾಗ ದೊಡ್ಡ ಮೊಮ್ಮಗಳು ಅದನ್ನ ಕೇಳಿ ಹ್ವಾದ್ಲು. ಆ ವರ್ಷನ ಪಂಚಮಿಗೆ ಬಂದು ಜೋಕಾಲಿ ಆಡಿದ್ಲು. ಹೆಣಾ ಎಂದಾರ ಪಂಚಮಿಗೆ ಬರ್ತೈತೇನಪಾ? ಏಳು, ಬಾರಸು. ಹುಡುಗಿ ಅತ್ತು ಹೋಗ್ಲಿ."

ಸಿದ್ದವ್ವನ ಮಾತು ಹೊಳಬಸಪ್ಪನವರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಮದುವೆಯ ಮನೆಯಲ್ಲಿ ಅದನ್ನು ಆಡುವಂತಿಲ್ಲ. ಅವರು ಎದ್ದು ಮಜೀದನಿಗೆ ಕಣ್ಣಿನಲ್ಲೇ ಹೇಳುತ್ತಾರೆ. ಡ್ರಮ್ಮಿನ ಮೊದಲ ಪೆಟ್ಟು ಬೀಳುತ್ತದೆ. ಶೋಪಾನನ ಭಾರದ ಹೆಜ್ಜೆಗೆ ಸರೋಜವ್ವ ಅಳುತ್ತಾ ಅಂಗಳ ದಾಟುತ್ತಾಳೆ. ಕ್ಲಾರಿಯೋನೆಟ್ಟಿನ ಸ್ವರ ಕೊನೆಯವರೆಗೂ ನಡುಗುವುದಿಲ್ಲ.

ಚಕ್ಕಡಿ ಸವಣೂರಿನ ದಾರಿ ಹಿಡಿದಾಗಲೂ ಅವರ ಅಂಜಿಕೆ ಹೋಗಿಲ್ಲ. ಎದುರಿಗೆ ಸೈಕಲ್ಲಿನಲ್ಲಿ ಯಾರಾದರೂ ಬಂದರೆ ಮನೆಯಿಂದ ಸುದ್ದಿ ತಂದಿದ್ದಾರೇನೋ ಎಂದು ಕತ್ತು ಚಾಚಿ ನೋಡುತ್ತಾರೆ. ಇಷ್ಟು ಊರುಗಳ ಕಣ್ಣೀರಿಗೆ ಕಾರಣವಾದ ಮನುಷ್ಯ ತನಗಾಗಿ ಏನನ್ನು ಬೇಡುತ್ತಾರೆ ಎಂದು ಜೊತೆಗೆ ಬಂದವರು ಕೇಳಿದರೆ ಮೊದಲು ಕ್ಲಾರಿಯೋನೆಟ್ಟನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ.

"ಶೇಖವ್ವ ಕೂಸು ಎತ್ತಿಗೊಂಡು ಮಾಸೂರಿಗೆ ಹೊಂಡೂ ದಿನಾ ಬರ್ಲಿರಿ" ಎನ್ನುತ್ತಾರೆ ಕೊನೆಗೆ. "ಅವತ್ತ ಬಾಗಲದಾಗ ನಿಂತು ಅದನ್ನ ಬಾರಸ್ತೇನಿ. ನನ್ನ ಕಣ್ಣಾಗ ನೀರು ಬಂದ್ರ, ಮಗಳು ಹೊಂಟಾಳಂತ ಅಳಾಕತ್ತಾನ ಅಂತಷ್ಟ ಮಂದಿ ತಿಳಕೋಬೇಕು. ಬ್ಯಾರೆ ಯಾತಕ್ಕೂ ನಾ ಅಳಬಾರದು."